ಕರಾಟೆ ಚಾಪೆಯ ಮೇಲೆ ಗರಡಿ ಮಣ್ಣು

ಬಾಯಿ ಮುಚ್ಚಿಕೊಂಡಿರುವುದೂ ಒಂದು ವಿದ್ಯೆಯಾದರೆ ಅದರಲ್ಲಿ ನನಗಿನ್ನೂ ಬಿಳಿ ಬೆಲ್ಟೇ. ಏನನ್ನೇ ನೋಡಲಿ, 'ಇದು ನಮ್ಮಲ್ಲೂ ಇತ್ತು' ಎನ್ನದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಬೆಟಗೇರಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ದಿನವಿಡೀ ಗಾದಿಯ ಮೇಲೆ ಕೂತು ಬೆಳೆಸಿದ ಹೊಟ್ಟೆಯನ್ನು ಕರಗಿಸಲೆಂದು, ಹದಿಮೂರರ ಮಗಳು ಸಹನಾ ಹೋಗುವ ಗದಗಿನ ಕರಾಟೆ ಕ್ಲಾಸಿಗೆ ನಾನೂ ಸೇರಿದೆ. ಅದು ಊರಿಗೆ ಹೇಳುವ ಕಾರಣ. ಖರೆ ಹೇಳಬೇಕೆಂದರೆ, ಈಚೆಗೆ ಆ ಹುಡುಗಿ ಮನೆಯಲ್ಲಿ ನನ್ನೊಡನೆ 'ಹೂಂ', 'ಊಹೂಂ' ಬಿಟ್ಟು ಮೂರನೆಯ ಮಾತಾಡುವುದಿಲ್ಲ. ಸ್ಕೂಟರಿನ ಹಿಂದೆ ಕೂತರೆ ಮಾತ್ರ ಬಾಯಿ ಬಿಡುತ್ತಾಳೆ. ಆ ಹದಿನೈದು ನಿಮಿಷ ನನಗೆ ಬೇಕಿತ್ತು.

ಆದರೆ ಕ್ಲಾಸಿನಲ್ಲಿ ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಹುಡುಗನಾಗಿದ್ದಾಗ ಲಕ್ಷ್ಮೇಶ್ವರದ ಸೋದರಮಾವನ ಮನೆಯಲ್ಲಿದ್ದು ಎರಡು ಬೇಸಿಗೆ ಗರಡಿಮನೆಯ ಮಣ್ಣು ಮೈಗೆ ಹತ್ತಿಸಿಕೊಂಡವನು ನಾನು. ಕರಾಟೆ ಮೇಡಂ ಮೊಣಕಾಲು ಬಗ್ಗಿಸಿ ನಿಲ್ಲಿ ಎಂದರೆ, "ನಮ್ಮ ಗರಡಿಯಾಗೂ ಹಿಂಗ ರೀ" ಎಂದೆ. ಉಸಿರು ಬಿಡುತ್ತಾ ಹೊಡೆಯಿರಿ ಎಂದರೂ ಅದೇ. "ಎದುರಿನವರ ಮಾರಿ ನೋಡಬ್ಯಾಡ್ರಿ, ಸೊಂಟ ನೋಡ್ರಿ. ಮಾರಿ ಸುಳ್ಳು ಹೇಳ್ತೈತಿ, ಸೊಂಟ ಹೇಳಂಗಿಲ್ಲ" ಎಂದು ಮೇಡಂ ಹೇಳಿದ ದಿನವಂತೂ ಕುಣಿದೇಬಿಟ್ಟೆ. ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ನಮ್ಮ ಉಸ್ತಾದರು ಹೇಳುತ್ತಿದ್ದುದೂ ಅದನ್ನೇ! ಅರ್ಧ ತಾಸು ನನ್ನ ಭಾಷಣವಾಯಿತು. ಮೇಡಂ ಗಡಿಯಾರ ನೋಡಿದರು, ಮಗಳು ಗೋಡೆ ನೋಡಿದಳು.

ನನ್ನ ಹಳದಿ ಬೆಲ್ಟಿನ ಪರೀಕ್ಷೆಯ ದಿನ ಸ್ಕೂಟರ್ ಹತ್ತುವ ಮುನ್ನವೇ ಕರಾರಾಯಿತು. "ಅಪ್ಪಾ, ಇವತ್ತು ಗರಡಿ ಸುದ್ದಿ ತಗದಿ ಅಂದ್ರ, ನಾಳಿಂದ ನಾ ಗೆಳತಿ ಸೈಕಲ್ ಮ್ಯಾಲ ಹೋಗ್ತೀನಿ."

"ತುಟಿ ಪಿಟಕ್ ಅನ್ನಂಗಿಲ್ಲವ್ವಾ" ಎಂದು ಆಣೆ ಮಾಡಿದೆ.

ಮೇಡಂ ನನ್ನೆದುರಿಗೆ ಅವಳನ್ನೇ ನಿಲ್ಲಿಸಬೇಕೆ! ದೇವರಾಣೆಗೂ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಕೈಯಿಂದ ಯಾರು ಆಣೆ ಮಾಡಿಸಿದ್ದರು? 'ಶುರು' ಎಂದದ್ದೇ ತಡ, ಬಗ್ಗಿ ನೀಲಿ ಚಾಪೆಯಿಂದ ಇಲ್ಲದ ಕೆಮ್ಮಣ್ಣನ್ನು ಹಿಡಿತುಂಬ ಎತ್ತಿ ಅಂಗೈಗೆ ತಿಕ್ಕಿಕೊಂಡೆ. ಕುಸ್ತಿಗೆ ಮುಂಚೆ ಎದುರಾಳಿಯ ಭುಜಕ್ಕೂ ಮಣ್ಣು ಹಚ್ಚುವುದು ಗರಡಿಯ ಮರ್ಯಾದೆ, ಅದಕ್ಕೂ ಕೈ ಚಾಚಿದೆ. ಸಾಲದ್ದಕ್ಕೆ ತೊಡೆ ತಟ್ಟಿದೆ. ತಟ್ಟಿದ ಸದ್ದು ಅಡಗುವುದರೊಳಗೆ ಪಕ್ಕೆಗೊಂದು ಒದೆ ಬಿತ್ತು. ಆಮೇಲೆ ಕಂಡದ್ದು ಮೇಲಿನ ಫ್ಯಾನು. ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮರಳುವಾಗ ಸ್ಕೂಟರನ್ನು ಆದಷ್ಟು ನಿಧಾನವಾಗಿ ಓಡಿಸಿದೆ. ಮುಗಿಯಿತು, ನಾಳೆಯಿಂದ ಗೆಳತಿಯ ಸೈಕಲ್ಲು ಎಂದುಕೊಂಡೆ. ಒದೆಗಿಂತ ಅದೇ ಹೆಚ್ಚು ನೋಯುತ್ತಿತ್ತು.

"ಸೊಂಟ ನೋಡಬೇಕಂತ ನೀನ ಹೇಳಿದ್ದಿ, ಅಪ್ಪಾ. ನಿನ್ನ ಸೊಂಟ ಬಗ್ಗಿತ್ತು, ಅದಕ್ಕ ಒದ್ದೆ. ನೋವಾತೇನು?"

"ಇಲ್ಲವ್ವಾ."

"ಆ ಮಣ್ಣು ಯಾಕ ಹಚ್ಚತಿದ್ರಿ?"

ಕೇಳಿದವಳು ಅವಳೇ! ಉಬ್ಬಿಹೋದೆ. ಮಣ್ಣಿಗೆ ಬೆರೆಸುವ ಎಣ್ಣೆ, ಅರಿಸಿನದಿಂದ ಹಿಡಿದು ಉಸ್ತಾದರ ಮೀಸೆಯವರೆಗೆ ಹೇಳಿದೆ. ನಮ್ಮ ಓಣಿ ಬಂದರೂ ಮುಗಿಯಲಿಲ್ಲವೆಂದು ಊರಿಗೆ ಇನ್ನೊಂದು ಸುತ್ತು ಹಾಕಿದೆ.

"ಗರಡಿಯಾಗ ನೀ ಎಷ್ಟು ಕುಸ್ತಿ ಗೆದ್ದಿದ್ದಿ, ಅಪ್ಪಾ?"

ನಾನು ಜೋರಾಗಿ ಹಾರ್ನ್ ಬಾರಿಸತೊಡಗಿದೆ. ಎದುರಿಗೆ ಒಂದು ನಾಯಿಯೂ ಇರಲಿಲ್ಲ.