ಎರಡನೆಯ ಆಮೆನ್

ಹೊತ್ತು ಮುಳುಗುವುದರೊಳಗೆ ಕೋಪವನ್ನು ಇಳಿಸಿಕೊಳ್ಳಬೇಕೆಂದು ಚರ್ಚಿನ ಸಭೆಯ ಹಿರಿಯನಾಗಿ ನಾನು ಎಷ್ಟೋ ಮನೆಗಳಲ್ಲಿ ಬುದ್ಧಿ ಹೇಳಿದ್ದೇನೆ. ಹೇಳುವಾಗ ನನ್ನ ಧ್ವನಿ ಬಹಳ ಮೃದುವಾಗಿರುತ್ತದಂತೆ. ಆದರೆ ನಮ್ಮ ಗದ್ದೆಯಾಚೆ ಇತ್ತೀಚೆಗೆ ಎಷ್ಟೋ ಹೊತ್ತು ಮುಳುಗಿವೆ, ನನ್ನ ಕೋಪ ಮಾತ್ರ ಮುಳುಗಿಲ್ಲ. ಬೇಸಾಯದ ಮನೆಯಲ್ಲಿ ಕೋಪಕ್ಕೆ ಕಾರಣಗಳ ಕೊರತೆಯಿರುವುದಿಲ್ಲ. ನಮ್ಮ ಪಾಳಿ ಬಂದ ದಿನವೇ ನಾಲೆಯ ನೀರು ನಿಲ್ಲುತ್ತದೆ. ನೀರು ಬಂದ ದಿನ ಪಕ್ಕದ ಗದ್ದೆಯವರು ಅದನ್ನು ತಮ್ಮ ಮಡಿಗೆ ತಿರುಗಿಸಿಕೊಂಡಿರುತ್ತಾರೆ. ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಗುಬ್ಬಿ ಗಿಳಿಗಳು ಕರೆಯದೆ ಬರುತ್ತವೆ. ಇವೆಲ್ಲವನ್ನೂ ನಾನು ಕ್ಷಮಿಸಿದ್ದೇನೆ. ಕ್ಷಮಿಸಲಾಗದೆ ಉಳಿದಿರುವುದು ಒಂದೇ ಒಂದು ಪದ, ಅದೂ ನಾನೇ ದಿನಕ್ಕೆ ಹಲವು ಸಲ ಉಚ್ಚರಿಸುವ ಪದ. ಅದು ಆಮೆನ್.

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿದ್ದು, ನಿವೃತ್ತನಾದ ಮೇಲೆ ಹರಿಹರದ ಆಚೆ ನಾಲೆಯ ಬದಿಯಲ್ಲಿರುವ ನಮ್ಮ ಭತ್ತದ ಗದ್ದೆಗೆ ಬಂದು ನೆಲಸಿದವನು ನಾನು. ಬೇಸಾಯ ನನ್ನ ಮಗ ಸಮುವೇಲನದು. ಅಡಿಗೆಮನೆ ಸೊಸೆ ಕರುಣಾಳದು. ಅವರಿಬ್ಬರ ಮೇಲ್ವಿಚಾರಣೆ ನನ್ನ ಪತ್ನಿ ಸುಶೀಲಮ್ಮನದು. ಹೀಗೆ ಎಲ್ಲವೂ ಹಂಚಿಹೋದ ಮೇಲೆ ನನ್ನ ಪಾಲಿಗೆ ಉಳಿದದ್ದು ಪ್ರಾರ್ಥನೆಯೊಂದೇ. ಮುಂಜಾನೆಯ ಪ್ರಾರ್ಥನೆ, ಊಟದ ಪ್ರಾರ್ಥನೆ, ಬಿತ್ತನೆಯ ಪ್ರಾರ್ಥನೆ, ಕೊಯ್ಲಿನ ಪ್ರಾರ್ಥನೆ. ದೇವರ ಸನ್ನಿಧಿಯಲ್ಲಿ ಬಾಯಿಗೆ ಬಂದಂತೆ ಮಾತಾಡುವುದು ಮರ್ಯಾದೆಯಲ್ಲವೆಂದು ನಂಬಿದವನಾದ್ದರಿಂದ ನನ್ನ ಪ್ರಾರ್ಥನೆಗೆ ಒಂದು ಕಟ್ಟಡವಿದೆ. ಮೊದಲು ಸ್ತುತಿ, ಅನಂತರ ಕೃತಜ್ಞತೆ, ಆಮೇಲೆ ಪಾಪನಿವೇದನೆ, ಕಡೆಯಲ್ಲಿ ಬಿನ್ನಹ. ಬಿನ್ನಹದೊಳಗೆ ನಾಡನ್ನಾಳುವವರು, ರೋಗಿಗಳು, ಪ್ರಯಾಣಿಕರು, ಪರೀಕ್ಷೆ ಬರೆಯುವವರು, ಕೊಟ್ಟಿಗೆಯ ದನಕರು ಎಲ್ಲರಿಗೂ ಒಂದೊಂದು ವಾಕ್ಯ. ಎತ್ತುಗಳನ್ನು ಮಾರಿ ಟ್ರ್ಯಾಕ್ಟರ್ ತಂದ ಮೇಲೆ ಆ ಕಡೆಯ ವಾಕ್ಯವನ್ನು ಬಿಡಲು ನನಗೆ ಮನಸ್ಸು ಬರಲಿಲ್ಲ. 'ದನಕರುಗಳನ್ನೂ ಅವುಗಳ ಸ್ಥಾನದಲ್ಲಿ ನಿಂತಿರುವುದನ್ನೂ' ಎಂದು ತಿದ್ದಿಕೊಂಡೆ. ಕನ್ನಡದಲ್ಲಿ ಪ್ರಾರ್ಥಿಸುವವನಿಗೆ ಇನ್ನೊಂದು ಅನುಕೂಲವೂ ಇದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅದು ಬರುವವರೆಗೆ ಯಾರೂ ಕಣ್ಣು ತೆರೆಯುವಂತಿಲ್ಲ. ನಾನು ಅದನ್ನು ಸುಲಭವಾಗಿ ಬರಗೊಡುವವನಲ್ಲ.

ಇದರಿಂದ ಮನೆಯವರಿಗೆ ತೊಂದರೆಯಾಗುತ್ತಿದೆಯೆಂಬ ಸೂಚನೆಗಳು ಮೊದಲೇ ಬಂದಿದ್ದವು. ನಾನೇ ಅವನ್ನು ಲಕ್ಷಿಸಲಿಲ್ಲ. ಭಾನುವಾರ ದಾವಣಗೆರೆಯಲ್ಲಿ ಆರಾಧನೆ ಮುಗಿಸಿ ಮಂಡಿಪೇಟೆಯ ಹತ್ತಿರದ ಹೋಟೆಲೊಂದರಲ್ಲಿ ಬೆಣ್ಣೆದೋಸೆ ತಿಂದು ಬರುವುದು ನಮ್ಮ ವಾಡಿಕೆ. ಒಂದು ಭಾನುವಾರ ದೋಸೆ ಬಂದಿತು. ನಾವು ನಾಲ್ವರೂ ತಲೆ ತಗ್ಗಿಸಿದೆವು. ಮೇಲಿನ ಬೆಣ್ಣೆ ಕರಗಿ, ಹರಿದು, ತಟ್ಟೆಯ ಅಂಚಿನಲ್ಲಿ ಪುನಃ ಗಟ್ಟಿಯಾಗುವ ಹೊತ್ತಿಗೆ ನಾನು ರೋಗಿಗಳವರೆಗೆ ಬಂದಿದ್ದೆ. ಅಷ್ಟರಲ್ಲಿ ಹೋಟೆಲಿನ ಮಾಣಿ ಬಳಿ ಬಂದು, "ಯಜಮಾನ್ರೆ, ದೋಸೆ ಸರಿ ಇಲ್ಲೇನ್ರಿ? ತಲಿ ಬಗ್ಸಿ ಕುಂತೀರಲ್ಲ, ಬ್ಯಾರೆ ಹಾಕಸ್ಲಾ?" ಎಂದ. ಪ್ರಾರ್ಥನೆಯ ನಡುವೆ ನಾನು ಉತ್ತರ ಕೊಡುವಂತಿರಲಿಲ್ಲ. ಸಮುವೇಲ ಕಣ್ಣು ಮುಚ್ಚಿಕೊಂಡೇ, "ಹಾಕ್ಸಪ್ಪ, ಅದು ಬರೋ ಹೊತ್ತಿಗೆ ಇದು ಮುಗೀತತೆ" ಎಂದ. ಅಂದು ಬಂದ ಕೋಪವನ್ನು ಹರಿಹರದ ಹೊಳೆಯ ಸೇತುವೆ ದಾಟುವವರೆಗೂ ಯಾರ ಮೇಲೆ ತೋರಿಸಬೇಕೆಂದು ತಿಳಿಯದೆ ಬಸ್ಸಿನ ಕಿಟಕಿಯ ಮೇಲೆ ತೋರಿಸಿದೆ.

ನಿಜವಾದ ಅಪಚಾರ ನಡೆದದ್ದು ಬೇಸಿಗೆಯ ಬೆಳೆ ಹಳದಿಗೆ ತಿರುಗುತ್ತಿದ್ದ ದಿನಗಳಲ್ಲಿ, ನಮ್ಮದೇ ಊಟದ ಮನೆಯಲ್ಲಿ. ಬಿಸಿ ರೊಟ್ಟಿ, ಎಣ್ಣೆಗಾಯಿ ಮುಂದಿದ್ದವು. ನಾನು ಸ್ತುತಿಭಾಗವನ್ನು ಮುಗಿಸಿ, 'ಯುಗಯುಗಾಂತರಗಳಲ್ಲಿಯೂ ನಿನಗೇ ಮಹಿಮೆ ಉಂಟಾಗಲಿ' ಎಂದು ಹೇಳಿ, ಕೃತಜ್ಞತೆಯನ್ನು ಪ್ರವೇಶಿಸುವುದಕ್ಕಾಗಿ ಒಂದು ಉಸಿರು ಎಳೆದುಕೊಂಡೆ. ಆ ಒಂದು ಉಸಿರಿನ ಸಂದಿಯಲ್ಲಿ ಕರುಣಾ ಸ್ಪಷ್ಟವಾಗಿ, ಗಟ್ಟಿಯಾಗಿ, "ಆಮೆನ್" ಎಂದಳು. ಮಗನೂ ಎಂದ. ನನ್ನ ಕೈ ಹಿಡಿದು ಬಾಳಿದ ಸುಶೀಲಮ್ಮನೂ ಎಂದಳು. ನಾನು ಕಣ್ಣು ತೆರೆಯುವಷ್ಟರಲ್ಲಿ ರೊಟ್ಟಿ ಮುರಿಯುವ ಸದ್ದು ಮೂರು ಕಡೆಯಿಂದ ಬರುತ್ತಿತ್ತು.

"ಯಾರನ್ನು ಕೇಳಿ ಮುಗಿಸಿದೆ?" ಎಂದೆ.

"ಮುಗೀತು ಅಂದ್ಕಂಡೆ ಮಾವಾರೆ. ಕ್ರಿಯಾಪದ ಬಂತಲ್ರಿ" ಎಂದಳು ಕರುಣಾ.

ದಾವಣಗೆರೆಯ ಆನೆಕೊಂಡದಲ್ಲಿ ಬೆಳೆದ ಈ ಹುಡುಗಿ ಹೈಸ್ಕೂಲಿನಲ್ಲಿ ನನ್ನದೇ ತರಗತಿಯಲ್ಲಿ ಕುಳಿತು ವ್ಯಾಕರಣ ಕಲಿತವಳು. ಚೆನ್ನಾಗಿ ಕಲಿಸಿದ್ದಕ್ಕೆ ಅಷ್ಟೊಂದು ಪಶ್ಚಾತ್ತಾಪ ನನಗೆ ಹಿಂದೆಂದೂ ಆಗಿರಲಿಲ್ಲ. ಆಮೆನ್ ಎಂದರೆ ಹಾಗೆಯೇ ಆಗಲಿ ಎಂದು ಅರ್ಥ. ಅದು ಕಾಗದದ ಕೊನೆಗೆ ಹಾಕುವ ಸಹಿ. ಕಾಗದ ಬರೆದವನಲ್ಲದೆ ಅಂಚೆಯವನು ಅದನ್ನು ಹಾಕುವಂತಿಲ್ಲ, ಎಂದು ರೊಟ್ಟಿ ಮುಟ್ಟದೆ ವಿವರಿಸಿದೆ. ಇನ್ನು ಮುಂದೆ ಇಂಥ ಗೊಂದಲವಾಗಕೂಡದೆಂದು ಒಂದು ಕಟ್ಟಳೆಯನ್ನೂ ಮಾಡಿದೆ: ಪ್ರಾರ್ಥನೆ ಮುಗಿದಾಗ ನಾನು ಆಮೆನ್ ಎಂಬುದನ್ನು ಎರಡು ಸಲ ಹೇಳುತ್ತೇನೆ, ಎರಡನೆಯದು ಕಿವಿಗೆ ಬೀಳುವವರೆಗೆ ಯಾರೂ ಕಣ್ಣು ತೆರೆಯಬಾರದು, ತಟ್ಟೆ ಮುಟ್ಟಬಾರದು.

"ಕಂಡಕ್ಟರ್ ಸೀಟಿ ಇದ್ದಂಗೆ ಅನ್ರಿ" ಎಂದ ಸಮುವೇಲ. "ಒಂದ್ ಹೊಡದ್ರೆ ನಿಲ್ಲು, ಎರಡ್ ಹೊಡದ್ರೆ ರೈಟ್."

ಸುಶೀಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಎದ್ದುಬಿಟ್ಟೆ. ಮುಂದೆ ಈ ಮನೆಯಲ್ಲಿ ನಾನು ಬಾಯಿಬಿಟ್ಟು ಪ್ರಾರ್ಥಿಸುವುದಿಲ್ಲ, ಬೇಕಾದವರು ಬೇಕಾದಂತೆ ಮಾಡಿಕೊಳ್ಳಲಿ ಎಂದು ಸಾರಿದೆ. ಇಷ್ಟು ದೊಡ್ಡ ಶಿಕ್ಷೆ ವಿಧಿಸಿದರೆ ಮನೆ ನಡುಗೀತೆಂದು ಎಣಿಸಿದ್ದೆ. ಮಾರನೆಯ ದಿನ ಸುಶೀಲಮ್ಮ ಸೆರಗು ಹೊದ್ದು, "ತಂದೆಯೇ, ಕೊಟ್ಟಿದ್ದಕ್ಕೆ ಸ್ತೋತ್ರ. ಆಮೆನ್" ಎಂದು ಹೇಳಿ ಸಾರು ಬಡಿಸತೊಡಗಿದಳು. ಸಾರಿನಿಂದ ಹೊಗೆಯೇಳುತ್ತಿತ್ತು. ಇಷ್ಟು ವರ್ಷಗಳ ಸಂಸಾರದಲ್ಲಿ ನಮ್ಮ ಮನೆಯ ಸಾರು ಹೊಗೆಯಾಡುವ ಪದಾರ್ಥವೆಂಬುದನ್ನು ನಾನು ಆ ದಿನ ಕಂಡುಕೊಂಡೆ. ಅದು ರುಚಿಯಾಗಿತ್ತೆಂಬುದೇ ನನ್ನನ್ನು ಹೆಚ್ಚು ಕೆರಳಿಸಿತು. ಬಾಯಿ ಸುಡುವಷ್ಟು ಬಿಸಿಯಾದ ಅನ್ನವನ್ನು ಕೋಪದಿಂದ ಉಣ್ಣುವುದು ಎಷ್ಟು ಕಷ್ಟವೆಂಬುದು ಉಂಡವರಿಗೇ ಗೊತ್ತು.

ಹೀಗೆ ನನ್ನ ಮೌನವ್ರತ ನಡೆದಿರುವಾಗಲೇ ಭತ್ತ ಕೊಯ್ಲಿಗೆ ಬಂದಿತು. ತೆನೆ ಬಾಗಿ ನೆಲವನ್ನು ನೋಡುತ್ತಿತ್ತು. ಪಡುವಣದಲ್ಲಿ ದಿನವೂ ಮಧ್ಯಾಹ್ನದ ಮೇಲೆ ಮೋಡ ಏಳುತ್ತಿತ್ತು. ಒಂದು ಗಾಳಿಮಳೆ ಬಿದ್ದರೆ ಸಾಕು, ಪೈರು ಮಲಗಿ, ಕಾಳು ಕೆಸರಿನಲ್ಲಿ ಮೊಳೆತು, ವರ್ಷದ ಅನ್ನವೆಲ್ಲ ಅಲ್ಲಿಯೇ ಮುಗಿದುಹೋಗುತ್ತದೆ. ಕೊಯ್ಯುವ ಮಿಷನ್ ಇರುವುದು ಹರಿಹರದ ಇಸ್ಮಾಯಿಲ್ ಸಾಬರ ಬಳಿ. ಸುತ್ತಲಿನ ಎಲ್ಲ ಗದ್ದೆಗಳೂ ಒಟ್ಟಿಗೇ ಹಣ್ಣಾಗಿದ್ದರಿಂದ ಮಗ ಅವರ ಮನೆಗೆ ಎಡೆಬಿಡದೆ ತಿರುಗಿ ಒಂದು ಹಗಲಿನ ಪಾಳಿಯನ್ನು ಪಡೆದುಕೊಂಡು ಬಂದ. ಆದರೆ ಮೊದಲ ಹಿಡಿ ತೆನೆಯನ್ನು ಕುಡುಗೋಲಿನಿಂದ ಕೊಯ್ದು, ಗದ್ದೆಯ ಬದುವಿನ ಮೇಲೆ ಪ್ರಾರ್ಥಿಸಿ, ಆ ತೆನೆಯನ್ನು ದೇವಾಲಯಕ್ಕೆಂದು ಎತ್ತಿಟ್ಟ ಮೇಲೆಯೇ ಕೊಯ್ಲು ಹೂಡಬೇಕೆಂಬುದು ನಮ್ಮ ಮನೆತನದ ಪದ್ಧತಿ. ಆ ಪ್ರಾರ್ಥನೆ ಮನೆಯ ಹಿರಿಯನದು. ಮಿಷನ್ ಗದ್ದೆಗೆ ಬಂದ ಬೆಳಿಗ್ಗೆ ಈ ಪದ್ಧತಿಯನ್ನು ನೆನೆದು ನಾನು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದೆ. ಕಡೆಗೆ ಮಗ ಬಂದ.

"ಅಪ್ಪಾ, ಬರ್ರಿ. ಪ್ರಾರ್ಥನೆ ಮಾಡ್ರಿ."

"ನಿಮ್ಮ ತಾಯಿ ಮಾಡುತ್ತಾಳಲ್ಲ" ಎಂದೆ.

"ಊಟದ್ದು ಆಕೆ ಮಾಡ್ತಾಳೆ. ಗದ್ದೆದು ನೀವೇ ಮಾಡ್ಬೇಕು. ಇವತ್ತು ಮುಂಜಾನೇನೇ ಮೋಡ ನೋಡ್ರಿ ಹೆಂಗೈತೆ. ಸ್ವಲ್ಪ..." ಎಂದವನು ನನ್ನ ಮುಖ ನೋಡಿ, "ಸ್ವಲ್ಪ ಬೇಗ ಬರ್ರಿ" ಎಂದು ತಿದ್ದಿಕೊಂಡ. ಅವನು ಬೇರೆ ಏನನ್ನು ಸ್ವಲ್ಪ ಮಾಡಬೇಕೆಂದು ಹೇಳಹೊರಟಿದ್ದನೆಂಬುದು ನನಗೆ ತಿಳಿಯದೆ ಇರಲಿಲ್ಲ.

ಹೋದೆ. ಅಷ್ಟು ದಿನದ ಮೌನದಲ್ಲಿ ದೇವರಿಗೆ ಹೇಳಬೇಕಾದದ್ದು ಬಹಳ ಸೇರಿಹೋಗಿತ್ತು. ಸುಶೀಲಮ್ಮ ತೆನೆಯನ್ನು ಎದೆಗವಚಿಕೊಂಡು ನಿಂತಳು. ಇಸ್ಮಾಯಿಲ್ ಸಾಬರು ಮಿಷನ್ನಿನಿಂದ ಇಳಿದು, ಟೋಪಿ ಸರಿಮಾಡಿಕೊಂಡು, ಎರಡೂ ಅಂಗೈಗಳನ್ನು ಮೇಲಕ್ಕೆತ್ತಿ ವಿನಯದಿಂದ ನಿಂತರು. ನಾನು ಆರಂಭಿಸಿದೆ. ನೆಲವನ್ನೂ ನೀರನ್ನೂ ನಿರ್ಮಿಸಿದವನನ್ನು ಸ್ತುತಿಸಿ, ಬಿತ್ತನೆಯಿಂದ ಈವರೆಗಿನ ಉಪಕಾರಗಳನ್ನು ಒಂದೊಂದಾಗಿ ನೆನೆದು ಮುಂದುವರಿದೆ. ದೂರದಲ್ಲಿ ಗುಡುಗಿತು. ಯಾರೋ ಕೆಮ್ಮಿದರು. ಗುಡುಗಿಗೂ ಕೆಮ್ಮಿಗೂ ಜಗ್ಗುವವನು ನಾನಲ್ಲ. ಇನ್ನೂ ಕೆರಳಿ, ನನ್ನ ಕ್ರಮವನ್ನೇ ಮೀರಿ, ಪಾಪನಿವೇದನೆಗೆ ಮೊದಲೇ ಆ ದಿನದ ಕೆಲಸಕ್ಕೆ ಸಂಬಂಧಪಟ್ಟವರನ್ನೆಲ್ಲ ಹೆಸರು ಹಿಡಿದು ಒಪ್ಪಿಸತೊಡಗಿದೆ. 'ಈ ಯಂತ್ರವನ್ನು ನಡೆಸುವ ನಿನ್ನ ದಾಸ ಇಸ್ಮಾಯಿಲನ ಕೈಕಾಲುಗಳನ್ನು ಕಾಪಾಡು. ಇವನ ಮನೆಯನ್ನೂ ಮಕ್ಕಳನ್ನೂ ಹರಸು' ಎಂದೆ. ತಮ್ಮ ಮಕ್ಕಳ ಮಾತು ಕಿವಿಗೆ ಬಿದ್ದೊಡನೆ ಇಸ್ಮಾಯಿಲ್ ಸಾಬರು ಎದೆಯಾಳದಿಂದ, ಕೊನೆಯ ಅಕ್ಷರವನ್ನು ದೀರ್ಘವಾಗಿ ಎಳೆದು, "ಆಮೀನ್" ಎಂದರು. ಅಂಗೈಗಳಿಂದ ಮುಖವನ್ನು ಸವರಿಕೊಂಡರು. ಮಿಷನ್ ಹತ್ತಿದರು. ನಾನು ಪಾಪನಿವೇದನೆಗೆ ಬಾಯಿ ತೆರೆದಾಗ ಅದು ಗುಡುಗನ್ನೂ ಮೀರಿಸಿ ಘರ್ಜಿಸಿ ಗದ್ದೆಗೆ ಇಳಿಯಿತು.

ನಾನು ನಿಲ್ಲಿಸಲಿಲ್ಲ. ಹಟ ಹಿಡಿದು, ಕಂಠ ಬಿರಿಯುವಂತೆ ಮುಂದುವರಿಸಿದೆ. ಹೊಟ್ಟು ಬಾಯಿಗೂ ಮೂಗಿಗೂ ಹೋಯಿತು. ಸೀನಿದೆ. ಕಣ್ಣು ತೆರೆದಾಗ ಮಗನೂ ಸೊಸೆಯೂ ಟ್ರ್ಯಾಕ್ಟರಿನ ಬಳಿ ಓಡಾಡುತ್ತಿದ್ದರು. ಸುಶೀಲಮ್ಮ ಒಬ್ಬಳೇ ತೆನೆ ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದಳು.

"ಮುಗೀತೇನ್ರಿ?" ಎಂದಳು.

"ಇಲ್ಲ."

"ಉಳಿದಿದ್ದು ಮನಸ್ನಾಗೆ ಹೇಳ್ರಿ. ಮಿಷನ್ ಸಪ್ಪಳದಾಗೂ ಆತನಿಗೆ ಕೇಳ್ತತೆ. ನಂಗೆ ಅಡಿಗಿ ಐತೆ" ಎಂದು ಅವಳೂ ಹೊರಟಳು.

ಆ ದಿನವೆಲ್ಲ ನಾನು ಕೋಪದಿಂದ ಏನನ್ನೂ ತಿನ್ನಲಿಲ್ಲ. ಬದುವಿನ ಮೇಲೆ ಕುಳಿತು, ಒಂದಾದ ಮೇಲೊಂದು ಮಡಿ ಬೋಳಾಗುವುದನ್ನು ನೋಡಿದೆ. ಸೊಸೆಯ ಮೇಲಿನ ಕೋಪವನ್ನು ಮಗನ ಮೇಲೂ, ಮಗನ ಮೇಲಿನದನ್ನು ಹೆಂಡತಿಯ ಮೇಲೂ ವರ್ಗಾಯಿಸಬಹುದು. ಇಸ್ಮಾಯಿಲ್ ಸಾಬರ ಮೇಲಿನದನ್ನು ಎಲ್ಲಿಗೆ ವರ್ಗಾಯಿಸುವುದು? ಅವರು ನನ್ನ ಪ್ರಾರ್ಥನೆಯನ್ನು ಕೆಡಿಸಿರಲಿಲ್ಲ, ಮನಸಾರೆ ಒಪ್ಪಿಕೊಂಡಿದ್ದರು. ಕೋಪಗೊಳ್ಳಲು ಎಡೆಯೇ ಇಲ್ಲದಂತೆ ಒಬ್ಬ ಮನುಷ್ಯ ನಡೆದುಕೊಂಡರೆ ಅದಕ್ಕಿಂತ ಕೋಪ ಬರಿಸುವ ಸಂಗತಿ ಇನ್ನೊಂದಿಲ್ಲ. ಸಂಜೆಗೆ ಕಡೆಯ ಮಡಿ ಮುಗಿದು, ಭತ್ತವೆಲ್ಲ ಕಣದ ಮನೆಯೊಳಗೆ ಸೇರಿ, ಹೊರಗುಳಿದ ರಾಶಿಯ ಮೇಲೆ ತಾಡಪಾಲು ಎಳೆದು ಕಲ್ಲು ಇಡುತ್ತಿರುವಾಗ ಮೊದಲ ಹನಿಗಳು ಬಿದ್ದವು. ಹಿಂದೆಯೇ ಆಕಾಶ ಕಳಚಿಕೊಂಡಂತೆ ಸುರಿಯಿತು. ನಾವೆಲ್ಲ ಓಡಿ ಜಗಲಿ ಸೇರಿದೆವು. ಇಸ್ಮಾಯಿಲ್ ಸಾಬರು ಗಡ್ಡದ ನೀರು ಹಿಂಡಿಕೊಳ್ಳುತ್ತ, "ಮೇಷ್ಟ್ರೆ, ನಿಮ್ ದುವಾ ಭಾಳ ಗಟ್ಟಿ ಐತೆ ಬಿಡ್ರಿ. ಅರ್ಧಕ್ಕೇ ಕಬೂಲ್ ಆತು ನೋಡ್ರಿ" ಎಂದರು.

ಅವರು ಹೊಗಳಿದ್ದರು. ದೇವರು ಅರ್ಧಕ್ಕೇ ಒಪ್ಪಿಬಿಟ್ಟನೆಂದಾದರೆ ಉಳಿದರ್ಧವನ್ನು ಇಷ್ಟು ವರ್ಷ ನಾನು ಯಾರಿಗಾಗಿ ಹೇಳುತ್ತಿದ್ದೆನೆಂಬ ಪ್ರಶ್ನೆ ನನ್ನ ಮನಸ್ಸಿಗೆ ಬಂದಿತು. ಅದನ್ನು ಕೂಡಲೇ ಹೊರಗೆ ತಳ್ಳಿ, ರಾತ್ರಿಯ ಊಟಕ್ಕೆ ಆ ಉಳಿದರ್ಧವನ್ನು ಪೂರ್ತಿಯಾಗಿ, ಒಂದಕ್ಷರ ಬಿಡದೆ ಹೇಳಿಯೇ ತೀರುತ್ತೇನೆಂದು ನಿಶ್ಚಯಿಸಿದೆ.

ಕೊಯ್ದವರಿಗೆ ಊಟ ಹಾಕದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕರುಣಾ ಕೋಳಿ ಸಾರು ಮಾಡಿದ್ದಳು. ಕೋಳಿಯನ್ನು ಇಸ್ಮಾಯಿಲ್ ಸಾಬರೇ ಅವರ ಕ್ರಮದಂತೆ ದೇವರ ಹೆಸರು ಹೇಳಿ ಕೊಯ್ದುಕೊಟ್ಟಿದ್ದರು. ಆ ಪ್ರಾರ್ಥನೆ ಕೋಳಿಗೂ ದೀರ್ಘವೆನಿಸಿರಲಾರದು. ನಾವು ಐವರೂ ಕುಳಿತೆವು. ಕರುಣಾ ನನ್ನ ಕಡೆ ನೋಡಿ, ತಗ್ಗಿದ ದನಿಯಲ್ಲಿ, "ಮಾವಾರೆ, ಇವತ್ತು ನೀವೇ ಮಾಡ್ರಿ. ಎರಡನೇ ಆಮೆನ್ ಆಗೋವರೆಗೂ ನಾನು ಕಣ್ಣು ತೆಗಿಯಲ್ಲ, ಆಣೆಗೂ" ಎಂದಳು. "ನಾವೂ ಅಷ್ಟೆ" ಎಂದಳು ಸುಶೀಲಮ್ಮ. ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಕಳೆದುಕೊಂಡ ಅಧಿಕಾರವೆಲ್ಲ ಆ ಕ್ಷಣ ನನ್ನ ಕೈಗೆ ಮರಳಿ ಬಂದಿತ್ತು.

ನಾನು ಉಸಿರೆಳೆದುಕೊಂಡೆ. ಉಸಿರಿನೊಂದಿಗೆ ಸಾರಿನ ಪರಿಮಳವೂ ಒಳಗೆ ಬಂದಿತು. ಬೆಳಗಿನಿಂದ ಕೋಪವನ್ನು ಬಿಟ್ಟು ಬೇರೇನನ್ನೂ ಕಾಣದಿದ್ದ ಹೊಟ್ಟೆ ಅದು. ನನ್ನ ಬಾಯಿ ನನ್ನನ್ನು ಕೇಳದೆ, "ತಂದೆಯೇ, ಕೊಟ್ಟಿದ್ದಕ್ಕೆ ಸ್ತೋತ್ರ. ಆಮೆನ್" ಎಂದುಬಿಟ್ಟಿತು. ನನ್ನ ಕೈಯೂ ನನ್ನನ್ನು ಕೇಳದೆ ಅಂಗೈಯಗಲ ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ತುಂಬಿತು.

ಯಾರೂ ಕಣ್ಣು ತೆರೆಯಲಿಲ್ಲ. ಯಾರೂ ತಟ್ಟೆ ಮುಟ್ಟಲಿಲ್ಲ. ಅಡಿಗೆ ಆರುತ್ತಿದೆಯೆಂಬ ಪರಿವೆಯಾದರೂ ಬೇಡವೇ ಇವರಿಗೆ ಎಂದು ನನಗೆ ಭಯಂಕರ ಕೋಪ ಬಂದಿತು. ಆಮೇಲೆ ನನ್ನ ಕಟ್ಟಳೆ ನನಗೇ ನೆನಪಾಯಿತು. ಅವರು ಎರಡನೆಯದಕ್ಕಾಗಿ ಕಾಯುತ್ತಿದ್ದರು. ಹೇಳೋಣವೆಂದರೆ ಬಾಯಿ ತುಂಬಿತ್ತು. ರೊಟ್ಟಿಯ ಅಂಚು ಗಟ್ಟಿಯಾಗಿತ್ತು. ನನ್ನ ಹಲ್ಲುಗಳಿಗೂ ವಯಸ್ಸಾಗಿದೆ. ತಲೆ ತಗ್ಗಿಸಿ ಕುಳಿತ ನಾಲ್ವರು ಭಕ್ತರ ನಡುವೆ ನಾನೊಬ್ಬನೇ, ಸದ್ದಾಗದಂತೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಅಗಿಯುತ್ತಿದ್ದೆ.

ಅಷ್ಟರಲ್ಲಿ ಇಸ್ಮಾಯಿಲ್ ಸಾಬರು ತೃಪ್ತಿಯಿಂದ, ದೀರ್ಘವಾಗಿ, "ಆಮೀನ್" ಎಂದರು. ಎಲ್ಲರೂ ಕಣ್ಣು ತೆರೆದು ನನ್ನನ್ನು ನೋಡಿದರು.