ಬಹುಮತದ ಚರಿತ್ರೆ

ಮೀಟಿಂಗಿನಲ್ಲಿ ಆಕಳಿಸಬಾರದು, ಆಕಳಿಸಿದರೂ ಕೈಯೆತ್ತಿ ಮೈ ಮುರಿಯಬಾರದು. ಡ್ರಿಲ್ ಮೇಷ್ಟ್ರು ಎರಡನ್ನೂ ಒಟ್ಟಿಗೇ ಮಾಡಿದರು. ಅದೇ ಗಳಿಗೆಯಲ್ಲಿ ಹೆಡ್‌ಮಾಸ್ಟರು, "ಚರಿತ್ರೆ ಟೀಚರ್ ಹೆರಿಗೆ ರಜೆ. ಇವತ್ತೇ ಟೆಸ್ಟು, ಯಾರು ನೋಡ್ಕೋತೀರಿ?" ಎಂದು ಕೇಳಿದ್ದರು. ಎತ್ತಿದ ಕೈ ಇಳಿಯುವಷ್ಟರಲ್ಲಿ ಪ್ರಪಂಚದ ಚರಿತ್ರೆಯೆಲ್ಲ, ಅಮೆರಿಕದ್ದೂ ಸೇರಿ, ಅವರ ತಲೆಗೆ ಕಟ್ಟಿಯಾಗಿತ್ತು.

ಸಂಜೆ ಅವರ ಹುಡುಗರ ಫುಟ್‌ಬಾಲ್ ಫೈನಲ್ಲು! ಅಷ್ಟರೊಳಗೆ ಮಾರ್ಕ್ಸ್ ಒಪ್ಪಿಸಿ ಕೈತೊಳೆದುಕೊಳ್ಳಬೇಕು. ಪರೀಕ್ಷೆ ನಡೆದಷ್ಟು ಹೊತ್ತೂ ಅವರು ಕಿಟಕಿಯಿಂದ ಮೈದಾನವನ್ನೇ ನೋಡುತ್ತಿದ್ದರು. ಬೆನ್ನ ಹಿಂದೆ ಒಂದೇ ಉತ್ತರ ಬೆಂಚಿನಿಂದ ಬೆಂಚಿಗೆ ಹಾಯಾಗಿ ಓಡಾಡಿತು.

ತಿದ್ದಲು ಕೂತಾಗ ಪೀಕಲಾಟ ಶುರುವಾಯಿತು. ಪಠ್ಯಪುಸ್ತಕ ತೆರೆದರೆ ಎರಡನೇ ಸಾಲಿಗೇ ನಿದ್ದೆ.

"ಸಾರ್, ಬಾಸ್ಟನ್ ಬಂದರಿನಲ್ಲಿ ಜನ ಸಮುದ್ರಕ್ಕೆ ಏನು ಎಸೆದ್ರು?" ಎಂದು ಸ್ಟಾಫ್ ರೂಮಿನಲ್ಲಿ ಪಕ್ಕದವರನ್ನು ಕೇಳಿದರು.

"ಬಲೆ ಕಣ್ರೀ," ಎಂದರು ಲೆಕ್ಕದ ಮೇಷ್ಟ್ರು. "ಸಮುದ್ರಕ್ಕೆ ಇನ್ನೇನು ಎಸೀತಾರೆ?"

ವಿಜ್ಞಾನದ ಮೇಡಂ ನಕ್ಕರು. "ಅಯ್ಯೋ, ಜಾಸ್ತಿ ಮಕ್ಕಳು ಏನು ಬರೆದಿದಾರೋ ಅದೇ ಸರಿ ಅನ್ನಿ. ಅಷ್ಟೂ ಜನ ಒಟ್ಟಿಗೆ ತಪ್ಪು ಬರೀತಾರಾ?"

ಎಂಥ ಉಪಾಯ! ಡ್ರಿಲ್ ಮೇಷ್ಟ್ರು ಎಣಿಸಿದರು. ಇಡೀ ಕ್ಲಾಸು 'ಇಂಗ್ಲಿಷರನ್ನು ಎಸೆದರು' ಎಂದು ಬರೆದಿತ್ತು. ಒಬ್ಬ ಹುಡುಗಿ ಮಾತ್ರ 'ಚಹಾ' ಎಂದಿದ್ದಳು.

"ಕುಡಿಯೋ ಟೀನ ಯಾರಾದ್ರೂ ಸಮುದ್ರಕ್ಕೆ ಹಾಕ್ತಾರಾ? ತಲೆಹರಟೆ!"

ಅಮೆರಿಕದ ಅಂತರ್ಯುದ್ಧ ಉತ್ತರದವರಿಗೂ ದಕ್ಷಿಣದವರಿಗೂ ಆಯಿತೆಂದು ಬರೆದವಳೂ ಅವಳೇ. ಉಳಿದವರೆಲ್ಲ ಜಪಾನನ್ನು ಎಳೆದು ತಂದಿದ್ದರು. ಕ್ಲಾಸಿಗೆಲ್ಲ ಪೂರ್ತಿ ಮಾರ್ಕ್ಸು, ಅವಳಿಗೆ ದುಂಡನೆಯ ಸೊನ್ನೆ.

ಮಾರ್ಕ್ಸ್ ಒಪ್ಪಿಸಿ, ಸೀಟಿ ಕೊರಳಿಗೆ ಹಾಕಿಕೊಂಡು ಹೊರಟಾಗ ಹೆಡ್‌ಮಾಸ್ಟರು ಕರೆದರು.

"ಈ ಸೊನ್ನೆ ಯಾರಿಗೆ ಕೊಟ್ಟಿದೀರಿ ಗೊತ್ತೇನ್ರೀ? ನನ್ನ ಮಗಳಿಗೆ!"

ಮೇಷ್ಟ್ರು ಗಾಬರಿಯಲ್ಲಿ ಕೈ ಮುಗಿದರು. ಮರುಕ್ಷಣವೇ ಆಸೆಯೂ ಚಿಗುರಿತು. "ತಪ್ಪಾಯ್ತು ಸಾರ್. ಈ ಚರಿತ್ರೆ ನನ್ನಿಂದ ಕಿತ್ಕೊಂಡ್ಬಿಡಿ."

"ಕಿತ್ಕೊಳ್ಳೋದಾ?" ಹೆಡ್‌ಮಾಸ್ಟರ ಕಣ್ಣು ಒದ್ದೆಯಾಯಿತು. "ನನ್ನ ಮುಖ ನೋಡಿ ಎಲ್ಲರೂ ಅವಳಿಗೆ ಮಾರ್ಕ್ಸ್ ಸುರೀತಾರೆ ಅಂತ ಮೊದಲಿಂದಲೂ ಅನುಮಾನ ನನಗೆ. ಹೆದರದೆ ಸೊನ್ನೆ ಹಾಕಿದವರು ನೀವೊಬ್ರೇ! ಇನ್ಮೇಲೆ ಚರಿತ್ರೆ ನಿಮಗೇ ಖಾಯಂ. ಮೈದಾನ ಲೆಕ್ಕದ ಮೇಷ್ಟ್ರು ನೋಡ್ಕೋತಾರೆ. ದಿನಾ ಸಂಜೆ ಅವಳಿಗೆ ಪಾಠ, ಇವತ್ತಿಂದ್ಲೇ."

ಸೀಟಿಯನ್ನೂ ಅಲ್ಲೇ ಬಿಚ್ಚಿಸಿಕೊಂಡರು. ಸ್ವಲ್ಪ ಹೊತ್ತಿಗೆ ಅದು ಮೈದಾನದಲ್ಲಿ ಕೂಗಿತು. ಡ್ರಿಲ್ ಮೇಷ್ಟ್ರಿಗೆ ಅಳುವೇ ಬಂತು. ಎದುರಿಗೆ ಕೂತ ಹುಡುಗಿ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದಳು.

"ಸಾರ್, ಇಲ್ಲಿ ಚಹಾ ಅಂತಲೇ ಇದೆಯಲ್ಲ?"

ಮೇಷ್ಟ್ರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಇರಬಹುದಮ್ಮ. ಆದ್ರೆ ನೀನೊಬ್ಳೇ ಬರೆದ್ರೆ ಅದು ಹೇಗೆ ಸರಿಯಾಗುತ್ತೆ?"