ಇಂಡಕ್ಷನ್ ಒಲೆಯ ಸಾಸಿವೆಕಾಳು

ಕಡ ತಂದ ವಸ್ತುವಿಗೆ ನನ್ನ ಕೈ ತಾಗಿದರೆ ಸಾಕು, ಅದು ಪ್ರಾಣ ಬಿಡುತ್ತದೆ. ಸ್ವಂತ ವಸ್ತುಗಳು ಹಾಗೆ ಮಾಡುವುದಿಲ್ಲ. ನನ್ನ ಹಳೆಯ ಕೊಡೆ ಕೆಡಲಿ ಎಂದು ಕಾಯುತ್ತಿದ್ದೇನೆ, ಕೆಡುತ್ತಿಲ್ಲ. ಕರುಮತ್ತಂಪಟ್ಟಿಯ ನೂಲಿನ ಗಿರಣಿಯಲ್ಲಿ ನೂಲು ಪರೀಕ್ಷಿಸುವ ಇಂಜಿನಿಯರ್ ನಾನು. ನಾವು ಬಾಡಿಗೆಗಿರುವ ಮನೆಯ ಕೆಳಗೆ ಮನೆಯೊಡತಿ ರಾಜಮ್ಮನವರಿದ್ದಾರೆ. ತಲೆಮಾರುಗಳಿಂದ ಮಗ್ಗ ನಂಬಿದ ಕನ್ನಡದ ಮನೆ ಅವರದು. ಕನ್ನಡ ಓದಲು ಬಾರದು, ಊರಿನ ತಮಿಳು ಬೆರೆಸಿ ಆಡುವುದಕ್ಕೆ ಮಾತ್ರ ಕಡಿಮೆಯಿಲ್ಲ. ನಮ್ಮ ಗ್ಯಾಸ್ ಮುಗಿದ ದಿನ ಅವರೇ ಮೇಲೆ ಬಂದು, "ಇದ ವೆಚ್ಚುಕೊಳ್ಳಿ ತಂಬಿ" ಎಂದು ತಮ್ಮ ಇಂಡಕ್ಷನ್ ಒಲೆ ಕೊಟ್ಟುಹೋದರು. ಮೊದಲ ಸಲಕ್ಕೇ ಹಾಲು ಉಕ್ಕಿಸಿದೆ. ಒಲೆ ಒಮ್ಮೆ ಬೀಪ್ ಎಂದು ತಣ್ಣಗಾಯಿತು.

ಇಷ್ಟು ಪ್ರೀತಿಯಿಂದ ಕೊಟ್ಟವರ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಗುಟ್ಟಾಗಿ ಸರಿಮಾಡಿ ಹಿಂದಿರುಗಿಸೋಣವೆಂದು ತೀರ್ಮಾನಿಸಿದೆ. ಅಂದಿನಿಂದ ಮೆಟ್ಟಿಲಿಳಿಯುವಾಗೆಲ್ಲ ಫೋನನ್ನು ಕಿವಿಗಿಟ್ಟುಕೊಂಡೆ. ಆದರೂ ಅವರು ಬಿಡರು, "ಅಡುಪ್ಪು ಹೆಂಗದೆ ತಂಬಿ?" ಎಂದು ದಿನವೂ ಒಲೆಯ ಕ್ಷೇಮ ಕೇಳುವರು. "ಚೆನ್ನಾಗಿದೆ ಅಮ್ಮಾ" ಎಂದು ದಿನವೂ ಸುಳ್ಳು ಹೇಳಿದೆ. ಪ್ಲಗ್ ಕಿತ್ತು, ಒಲೆ ಬಿಚ್ಚಿ ನೋಡಿದರೆ ಒಳಗಿದ್ದ ಪ್ರತಿಯೊಂದೂ ಅಪರಾಧಿಯಂತೆ ಕಂಡಿತು. ಎಲ್ಲಕ್ಕಿಂತ ದಪ್ಪಗಿದ್ದುದರ ಮೇಲೆ ಅನುಮಾನ ಬಂದು, ಕೆಪಾಸಿಟರ್ ಬದಲಾಯಿಸಿದೆ. ಮತ್ತೆ ಅದೇ ಬೀಪ್. ಫ್ಯೂಸ್ ನೋಡಿದೆ, ಅದು ಗಟ್ಟಿಯಾಗಿತ್ತು. ಗಿರಣಿಯಲ್ಲಿ ನೂಲು ಹರಿದರೆ ಹರಿದ ಜಾಗ ಹುಡುಕಿ ಎಂದು ಎಲ್ಲರಿಗೂ ಪಾಠ ಹೇಳುವವನು ನಾನೇ.

ಹತ್ತನೆಯ ದಿನ ನನ್ನ ಹೆಂಡತಿ ಸುಮ ಒಗ್ಗರಣೆ ಡಬ್ಬಿ ಹಿಡಿದು ಬಂದವಳು ಇಣುಕಿದಳು. "ದಪ್ಪಗಿರೋದನ್ನೆಲ್ಲ ನೋಡಿದ್ದಾಯ್ತಲ್ಲ. ಗಾಜಿನ ಕೆಳಗೆ ಸಾಸಿವೆಕಾಳಿನ ಥರ ಇದೆಯಲ್ಲ, ಅದೇನು?" ಅದು ಬಿಸಿ ಎಷ್ಟಿದೆಯೆಂದು ಒಲೆಗೆ ತಿಳಿಸುವ ಥರ್ಮಿಸ್ಟರ್. ಅದರ ಎರಡು ತಂತಿಗೆ ಮಲ್ಟಿಮೀಟರ್ ಹಿಡಿದು, ಕಾಳನ್ನು ಬೆರಳಲ್ಲಿ ಒತ್ತಿ ಬೆಚ್ಚಗೆ ಮಾಡಿದೆ. ಜೀವವಿದ್ದರೆ ಅಂಕಿ ಇಳಿಯಬೇಕು. ಅಂಕಿಯೇ ಬರಲಿಲ್ಲ, ಕಾಳು ಸತ್ತಿತ್ತು. ಮರುದಿನ ಸೋಮನೂರಿನಿಂದ ಹೊಸ ಕಾಳು ತಂದು ಹಾಕಿದೆ. ನೀರು ಕುದಿಯಿತು. ಆ ಗುಳುಗುಳು ಸದ್ದು ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸುಮ ಅದೇ ನೀರಿಗೆ ಟೀಪುಡಿ ಹಾಕಿದಳು.

ಒಲೆಯನ್ನು ಒರೆಸಿ ಹೊಳೆಯುವಂತೆ ಮಾಡಿ ಕೆಳಗೆ ಒಯ್ದು, ನಡೆದದ್ದನ್ನೆಲ್ಲ ಒಪ್ಪಿಕೊಂಡುಬಿಟ್ಟೆ. ರಾಜಮ್ಮ ನಕ್ಕರು.

"ನೀವೆಲ್ಲಿ ಕೆಡಿಸಿದ್ರಿ ತಂಬಿ? ನಮ್ಮ ಹತ್ರಾನೂ ಆಗಾಗ ನಿಂತೋಗ್ತಿತ್ತು. ಇಂಜಿನಿಯರ್‌ಗೆ ರಿಪೇರಿ ಮಾಡು ಅಂತ ಹೆಂಗೆ ಕೇಳೋದು? ಕೊಟ್ರೆ ನೀವೇ ನೋಡಿ ಸರಿಮಾಡ್ತೀರ ಅಂತ ಕೊಟ್ಟೆ."

ನನಗೆ ಹಾರಾಡುವಷ್ಟು ಹಗುರವೆನಿಸಿತು. ಅಷ್ಟಕ್ಕೇ ಮೇಲೆ ಓಡಿಬರಬೇಕಿತ್ತು. ಅವರು ಮುಂದುವರಿಸಿದರು: "ದಿನಾ ಕೇಳ್ದಾಗೆಲ್ಲ ಚೆನ್ನಾಗದೆ ಅಂದ್ರಿ. ಸರಿ, ರೆಡಿ ಆಗಿದೆ, ತಿರುಪ್ಪಿ ಕೊಡೋಕೆ ಮಾತ್ರ ನಿಮಗೆ ಮನಸಿಲ್ಲ ಅಂದ್ಕೊಂಡೆ. ಪಾವಂ, ಆಸೆಪಡ್ತಾರೆ, ಇಟ್ಕೊಳ್ಳಲಿ ಅಂತ ಸುಮ್ನಾದೆ."

ಮೇಲೆ ಬಂದಾಗ ಸುಮ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?"

"ಕೆಡಿಸಿದ್ದು ನಾನಲ್ಲವಂತೆ" ಎಂದೆ. ಉಳಿದದ್ದನ್ನು ಟೀ ಜೊತೆ ನುಂಗಿಕೊಂಡೆ.